‘ಧಾ’ ಎಂಬಲ್ಲಿ ಸಿಕ್ಕಿಬಿದ್ದ ಕಥೆ

ನಾವಿಬ್ಬರೂ ಒಟ್ಟಿಗಿರುವ ಫೋಟೊ ಇತ್ತೀಚಿನದು ಒಂದೂ ಇಲ್ಲವೆಂದು ನನ್ನ ಹೆಂಡತಿ ಬಹಳ ದಿನಗಳಿಂದ ದೂರುತ್ತಿದ್ದಳು. ಕಳೆದ ತಿಂಗಳು ಅಂಚೆಯಲ್ಲಿ ಒಂದು ಬಂತು. ಕಪ್ಪುಬಿಳುಪು ಚಿತ್ರ, ನಡುವೆ ನಮ್ಮ ಕಾರು, ಮುಂದಿನ ಗಾಜಿನ ಹಿಂದೆ ನಾವಿಬ್ಬರು. ಕೆಳಗೆ ದಿನಾಂಕ, ಸಮಯ ಮತ್ತು ಎರಡು ಅಂಕಿಗಳು: ಮಿತಿ 30, ವೇಗ 43. ಚಿತ್ರದಲ್ಲಿ ನಾನು ಸ್ಟೀರಿಂಗ್ ಹಿಡಿದು, ದಂಡಯಾತ್ರೆಗೆ ಹೊರಟವನಂತೆ ದೂರಕ್ಕೆ ದೃಷ್ಟಿ ನೆಟ್ಟಿದ್ದೇನೆ. ಹೆಂಡತಿಯ ಒಂದು ಕೈ ಮೇಲೆದ್ದಿದೆ, ಬಾಯಿ ತೆರೆದಿದೆ.

“ಇದರಲ್ಲಿ ನಾನು ಏನು ಹೇಳುತ್ತಿದ್ದೇನೆ ನೋಡಿ” ಎಂದಳು.

“ಆಕಳಿಸುತ್ತಿದ್ದೀಯೆ” ಎಂದೆ.

“ಅಲ್ಲ. ‘ನಿಧಾನ’ ಎನ್ನುತ್ತಿದ್ದೇನೆ. ಬಾಯಿ ಇಷ್ಟು ಅಗಲವಾಗಿದೆ ಎಂದರೆ ಅದು ‘ಧಾ’. ‘ನಿ’ ಮುಗಿದಿದೆ, ‘ನ’ ಇನ್ನೂ ಬಂದಿಲ್ಲ.”

ಗಂಡಹೆಂಡಿರ ವಾದದಲ್ಲಿ ಒಂದು ದೀರ್ಘಾಕ್ಷರವೇ ಸಾಕ್ಷಿ ನುಡಿದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನಮ್ಮ ಮನೆಯ ಮುಂದಿನ ರಸ್ತೆ ದೊಡ್ಡ ವೃತ್ತದವರೆಗೆ ಸರಿಯಾಗಿ ಎರಡು ಕಿಲೋಮೀಟರ್. ಮೊದಲು ಅಲ್ಲಿ ಗಂಟೆಗೆ 50 ಕಿಲೋಮೀಟರ್ ಮಿತಿ ಇತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಂಬದ ಮೇಲಿನ 50 ಹೋಗಿ 30 ಬಂದು ಕೂತಿತ್ತು. ಅಂದಿನಿಂದ ಈ ರಸ್ತೆಯಲ್ಲಿ ವಾಹನಗಳು ನಿಧಾನವಾದವೋ ಇಲ್ಲವೋ, ಮಾತು ಮಾತ್ರ ಮಿತಿಮೀರಿದ ವೇಗ ಪಡೆಯಿತು. ಪಕ್ಕದ ಮನೆಯ ಯುವಕನ ಪ್ರಕಾರ ಮೂವತ್ತರಲ್ಲಿ ಓಡಿಸಿದರೆ ಎಂಜಿನ್ ಹಾಳಾಗುತ್ತದೆ. ಮೂರನೆಯ ಗೇರ್ ಹಾಕಿದರೆ ಗೊಣಗುತ್ತದೆ, ಎರಡನೆಯದು ಹಾಕಿದರೆ ಗೋಳಾಡುತ್ತದೆ, ಎರಡೂವರೆ ಎಂಬ ಗೇರ್ ಯಾರೂ ಮಾಡಿಲ್ಲ. ಮೂಲೆಮನೆಯವರ ಪ್ರಕಾರ ಇದೆಲ್ಲ ದಂಡ ವಸೂಲಿಗೆ ಹೂಡಿದ ಸಂಚು. ನಾನು ದಿನವೂ ನೋಡುವ ಟ್ಯಾಕ್ಸಿ ಚಾಲಕ ಇನ್ನೂ ಆಳಕ್ಕೆ ಹೋದ: “ಸಾರ್, ಮೊದಲು ನಾನು ರಸ್ತೆ ನೋಡುತ್ತಿದ್ದೆ. ಈಗ ಮುಳ್ಳು ನೋಡುತ್ತೇನೆ. ರಸ್ತೆಯನ್ನು ಪ್ರಯಾಣಿಕರು ನೋಡಿಕೊಳ್ಳುತ್ತಾರೆ.” ಎದುರು ಮನೆಯ ನಿವೃತ್ತ ಮೇಷ್ಟ್ರು ಒಬ್ಬರೇ ಹೊಸ ಮಿತಿಯ ಪರ. ಅವರ ಬಳಿ ಕಾರಿಲ್ಲ ಎಂದು ನಾವೆಲ್ಲ ಅವರ ಮತವನ್ನು ಎಣಿಕೆಗೇ ತೆಗೆದುಕೊಂಡಿರಲಿಲ್ಲ.

ಈ ಸಭೆಗಳಲ್ಲಿ ನಾನೇ ಮುಖ್ಯ ಭಾಷಣಕಾರ. ನನ್ನ ವಾದ ಸಮಯದ್ದು. ದುಡಿಯುವ ಮನುಷ್ಯನ ಬದುಕಿನಿಂದ ದಿನದಿನವೂ ಕದಿಯುತ್ತಿರುವ ಗಂಟೆಗಳ ಲೆಕ್ಕ ಯಾರು ಕೊಡುತ್ತಾರೆ ಎಂದು ಮನೆಯಲ್ಲೂ ಗುಡುಗಿದೆ. ಹೈಸ್ಕೂಲಿನಲ್ಲಿ ಓದುವ ಮಗಳು ಪುಸ್ತಕದಿಂದ ತಲೆ ಎತ್ತದೆ ಲೆಕ್ಕ ಕೊಟ್ಟಳು. “ಎರಡು ಕಿಲೋಮೀಟರಿಗೆ ಐವತ್ತರಲ್ಲಿ 2 ನಿಮಿಷ 24 ಸೆಕೆಂಡು, ಮೂವತ್ತರಲ್ಲಿ 4 ನಿಮಿಷ. ಕದ್ದದ್ದು 96 ಸೆಕೆಂಡು ಅಪ್ಪ. ನೀನು ಇದರ ಬಗ್ಗೆ ಮಾತನಾಡಲು ಶುರು ಮಾಡಿ ಈಗ ಮುಕ್ಕಾಲು ಗಂಟೆ ಆಯಿತು.”

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಮಕ್ಕಳ ಎದುರು ಸೋಲು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ವಂಶದಲ್ಲಿಲ್ಲ. ಐವತ್ತಕ್ಕೂ ಮೂವತ್ತಕ್ಕೂ ಅಂಥ ವ್ಯತ್ಯಾಸವೇನು, ಎದುರಿಗೆ ಯಾರಾದರೂ ಬಂದರೆ ಎರಡರಲ್ಲೂ ಬ್ರೇಕ್ ಒತ್ತಿದರಾಯಿತು ಎಂದೆ. ಅವಳು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕಾರು ಬರೆದಳು. ಕಂಡದ್ದನ್ನು ಅರಿತು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕು ಎಂದಿಟ್ಟುಕೊಂಡರೆ, ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿನಲ್ಲಿ, ಮೂವತ್ತರ ಕಾರು ಹೆಚ್ಚುಕಡಿಮೆ 13 ಮೀಟರಿನಲ್ಲಿ ನಿಂತೇ ಬಿಡುತ್ತದೆ. ಐವತ್ತರ ಕಾರು ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಬಂದಿರುತ್ತದೆ. “ಅಂದರೆ ಮೊದಲ ಕಾರು ನಿಂತಿರುವ ಜಾಗಕ್ಕೆ ಬಂದಾಗಲೂ ನಿನ್ನ ಕಾಲು ಬ್ರೇಕ್ ಮುಟ್ಟಿರುವುದಿಲ್ಲ ಅಪ್ಪ. ಪೂರ್ತಿ ಐವತ್ತರಲ್ಲೇ ಇರುತ್ತೀಯೆ.” ನಾನು ಲೆಕ್ಕದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಎರಡನೆಯ ಕಾರಿನೊಳಗೆ ಕೂರಿಸಿದ ಮನುಷ್ಯನಿಗೆ ಮೀಸೆ ಬರೆದಿದ್ದಾಳೆ, ಅದು ಅನಗತ್ಯ ಎಂದಷ್ಟೇ ಹೇಳಿ ಎದ್ದೆ.

ದಂಡದ ಪತ್ರ ಬಂದದ್ದು ಇದಾದ ವಾರಕ್ಕೆ. ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ ಎಂದು ಅದರಲ್ಲಿ ಬರೆದಿತ್ತು. ನನ್ನೊಳಗಿನ ವಕೀಲ ಎಚ್ಚರಗೊಂಡ. ಕಾರಿನ ಸ್ಪೀಡೋಮೀಟರೇ ತಪ್ಪು ತೋರಿಸುತ್ತದೆ ಎಂಬ ವಾದ ಹೂಡಲು ಹೊರಟೆ. ಓದುತ್ತ ಹೋದಂತೆ ತಿಳಿದದ್ದು, ಮೀಟರು ತಪ್ಪು ತೋರಿಸುವುದು ನಿಜವೇ, ಆದರೆ ಒಂದೇ ದಿಕ್ಕಿನಲ್ಲಿ. ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಬೇಕಾದರೆ ಸ್ವಲ್ಪ ಹೆಚ್ಚು ತೋರಿಸಬಹುದು ಎಂದು ವಿಶ್ವಸಂಸ್ಥೆಯ ವಾಹನ ನಿಯಮವೇ ಇದೆ. ಅಂದರೆ ಕ್ಯಾಮೆರಾ 43 ಎಂದ ಆ ಗಳಿಗೆಯಲ್ಲಿ ನನ್ನ ಮುಳ್ಳು 45ರ ಮೇಲೆ ನಿಂತು ನನ್ನನ್ನೇ ದಿಟ್ಟಿಸುತ್ತಿದ್ದಿರಬೇಕು. ಆಕ್ಷೇಪಣೆಯ ಕರಡು ಹರಿದು ಹಾಕಿದೆ.

ಕ್ಯಾಮೆರಾ ಕಂಡುಹಿಡಿದವನ ಮೇಲಾದರೂ ಸಿಟ್ಟು ತೀರಿಸಿಕೊಳ್ಳೋಣವೆಂದರೆ ಅವನು ನನ್ನ ಕಡೆಯವನೇ. ಮಾರಿಸ್ ಗಾಟ್ಸೊನೀಡೆಸ್ ಎಂಬ ಡಚ್ ರ‍್ಯಾಲಿ ಚಾಲಕ, 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವನು. ತಿರುವುಗಳಲ್ಲಿ ತನ್ನ ವೇಗ ಎಷ್ಟೆಂದು ಅಳೆದು ಇನ್ನಷ್ಟು ಹೆಚ್ಚಿಸಿಕೊಳ್ಳಲು ಅವನು ಮಾಡಿಕೊಂಡ ಯಂತ್ರ ಅದು. ಅವನ ವಂಶದ ಯಂತ್ರ ಈಗ ಕಂಬ ಹತ್ತಿ ನನ್ನಂಥವರನ್ನು ಹಿಡಿಯುತ್ತಿದೆ. ಸಾಕಿದ ನಾಯಿ ನೆಂಟರನ್ನೇ ಕಚ್ಚಿದ ಹಾಗೆ.

ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವಂತೆಯೂ ಇಲ್ಲ. ಇಂಗ್ಲೆಂಡಿನಲ್ಲಿ 1865ರ ಕಾನೂನು ಸ್ವಯಂಚಾಲಿತ ಗಾಡಿಗಳಿಗೆ ಊರೊಳಗೆ ಗಂಟೆಗೆ 2 ಮೈಲಿ, ಊರಾಚೆ 4 ಮೈಲಿ ಎಂದು ಕಟ್ಟು ಹಾಕಿತ್ತು. ಮೇಲಾಗಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ಗಾಡಿಯ ಮುಂದೆ ನಡೆಯಬೇಕು. ಮುಂದೆ 1896ರಲ್ಲಿ ಕೆಂಟ್ ಪ್ರಾಂತ್ಯದ ವಾಲ್ಟರ್ ಆರ್ನಾಲ್ಡ್ ಎಂಬವನು ಎರಡು ಮೈಲಿಯ ಜಾಗದಲ್ಲಿ ಎಂಟು ಮೈಲಿ ವೇಗದಲ್ಲಿ ಹೋಗಿ ದಂಡ ತೆತ್ತ. ಪೊಲೀಸಿನವನು ಅವನನ್ನು ಬೆನ್ನಟ್ಟಿ ಹಿಡಿದದ್ದು ಸೈಕಲ್ಲಿನಲ್ಲಿ. ಮಿತಿಯ ನಾಲ್ಕು ಪಟ್ಟು! ಅವನ ಮುಂದೆ ನಾನು ಸಾಧು ಪ್ರಾಣಿ ಎಂದು ಮನೆಯಲ್ಲಿ ಇದನ್ನು ಓದಿ ಹೇಳಿದೆ. ಹೆಂಡತಿಗೆ ಹಿಡಿಸಿದ್ದು ಕೆಂಪು ಬಾವುಟದ ಮನುಷ್ಯ ಮಾತ್ರ. “ಪಾಪ, ಅವನು ಮುಂದೆ ನಡೆಯುತ್ತಿದ್ದ. ನಾನು ಪಕ್ಕದಲ್ಲೇ ಕೂತು ಅದೇ ಕೆಲಸ ಮಾಡುತ್ತಿದ್ದೇನೆ. ಅವನ ಮಾತನ್ನಾದರೂ ಕೇಳುತ್ತಿದ್ದರೇನೋ.”

ದಂಡ ಕಟ್ಟಿದ ಮರುದಿನದಿಂದ ಹಟಕ್ಕೆ ಬಿದ್ದು ಮೂವತ್ತರಲ್ಲೇ ಓಡಿಸತೊಡಗಿದೆ. ಮೂವತ್ತು ಎಂದರೆ ಮೂವತ್ತು, ಒಂದು ಕೂದಲೆಳೆ ಹೆಚ್ಚಿಲ್ಲ. ಮೊದಲ ದಿನವೇ ನನ್ನ ಹಿಂದೆ ಒಂಬತ್ತು ವಾಹನಗಳು ಸೇರಿದವು. ಹಿಂದಿನವನು ಹಾರ್ನ್ ಒತ್ತಿದ, ಅವನ ಹಿಂದಿನವನು ಅದಕ್ಕೆ ಉತ್ತರ ಕೊಟ್ಟ, ಒಟ್ಟಿನಲ್ಲಿ ವಾದ್ಯಸಮೇತ ದಿಬ್ಬಣ ಹೊರಟಿತು. ಅದರ ಮುಂದೆ ಮದುಮಗನ ಗಾಂಭೀರ್ಯದಲ್ಲಿ ನಾನು. ಅಷ್ಟರಲ್ಲಿ ಇಳಿಜಾರು ಬಂತು. ಬೆನ್ನಿಗೆ ಶಾಲೆಯ ಚೀಲ ಹೊತ್ತ ಹುಡುಗನೊಬ್ಬ ಸೈಕಲ್ಲಿನಲ್ಲಿ ನನ್ನ ಸಮಕ್ಕೆ ಬಂದು, ಕಿಟಕಿಯೊಳಗೆ ಇಣುಕಿ, “ಕಾರು ಕೆಟ್ಟಿದೆಯೇ ಅಂಕಲ್?” ಎಂದು ಕೇಳಿದ. ಅವನ ದನಿಯಲ್ಲಿ ನಿಜವಾದ ಕಾಳಜಿಯಿತ್ತು. ಅದಕ್ಕೇ ಹೆಚ್ಚು ನೋವಾಯಿತು. ಇಲ್ಲ ಎಂದೆ. ಅವನು ಮುಂದೆ ಹೋದ.

ಆ ಸಂಜೆ ಮೇಷ್ಟ್ರ ಮನೆಗೆ ಹೋಗಿ ಜಗಳ ತೆಗೆದೆ. ಮಿತಿ ಇಳಿಸಿ ಎಂದು ಮನವಿ ಕೊಟ್ಟವರು ನೀವೇ ಅಂತೆ, ಜನರ ಅಭಿಪ್ರಾಯ ಕೇಳಬೇಡವೇ ಎಂದೆ. ವೇಲ್ಸ್ ದೇಶದಲ್ಲಿ 2023ರ ಸೆಪ್ಟೆಂಬರಿನಲ್ಲಿ ಜನವಸತಿಯ ರಸ್ತೆಗಳ ಮಿತಿಯನ್ನು 30 ಮೈಲಿಯಿಂದ 20ಕ್ಕೆ ಇಳಿಸಿದಾಗ ವಿರೋಧದ ಅರ್ಜಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು ಎಂದು ಅಂಕಿಅಂಶ ಸಮೇತ ಎಚ್ಚರಿಸಿದೆ.

ಮೇಷ್ಟ್ರು ಶಾಂತವಾಗಿ ಕನ್ನಡಕ ಒರೆಸಿಕೊಂಡರು. “ಸಹಿ ಇಲ್ಲಿಯೂ ಆಗಿದೆಯಲ್ಲ” ಎಂದು ಒಂದು ಕಡತ ತೆರೆದರು. ಎರಡು ವರ್ಷದ ಹಿಂದಿನ ಮನವಿಯ ನಕಲು. ಮೊದಲ ಸಹಿ ಅವರದು. ಎರಡನೆಯದು ನನ್ನದು.

ಆಗ ನೆನಪಾಯಿತು. ಮಳೆಗಾಲದ ಒಂದು ಬೆಳಿಗ್ಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಗೇಟಿನ ಬಳಿ ನಿಂತಿದ್ದ ನನ್ನ ಮೇಲೆ ಒಂದು ಕಾರು ಗುಂಡಿಯ ನೀರನ್ನೆಲ್ಲ ಎರಚಿ ಹೋಗಿತ್ತು. ಅದೇ ಹೊತ್ತಿಗೆ ಮೇಷ್ಟ್ರು ಕಾಗದ ಹಿಡಿದು ಬಂದಿದ್ದರು. ಉಳಿದವರೆಲ್ಲ ಖಾಲಿ ಬಿಟ್ಟಿದ್ದ ‘ಇತರ ಸಲಹೆ’ಯ ಅಂಕಣದಲ್ಲಿ ನನ್ನ ಅಕ್ಷರ ಸ್ಪಷ್ಟವಾಗಿತ್ತು: “20 ಮಾಡಿದರೂ ಸಂತೋಷ. ಕ್ಯಾಮೆರಾ ಕಡ್ಡಾಯ.” ‘ಕಡ್ಡಾಯ’ದ ಕೆಳಗೆ ಎರಡು ಗೆರೆ ಎಳೆದಿದ್ದೆ.

ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದು ಮೇಷ್ಟ್ರು ಅನ್ನಲಿಲ್ಲ. ಅಂದಿದ್ದರೆ ಜಗಳ ಮುಂದುವರಿಸಲು ಒಂದು ನೆಪವಾದರೂ ಇರುತ್ತಿತ್ತು.

ಕಳೆದ ಭಾನುವಾರ ಗೇಟಿನ ಬಳಿ ಗಿಡಗಳಿಗೆ ನೀರು ಹಾಕುತ್ತಿದ್ದೆ. ಒಂದು ಕಾರು ಭರ್ರನೆ ಹೋಯಿತು. ಕೈಯಲ್ಲಿದ್ದ ಪೈಪ್ ಬಿಸಾಡಿ, ರಸ್ತೆಗೆ ಇಳಿದು, “ಏಯ್! ನಿಧಾನ!” ಎಂದು ಕೂಗಿದೆ. ಕಾರು ಮುಂದೆ ಹೋಗಿ ನಿಂತಿತು. ಹಿಂದಕ್ಕೆ ಬಂತು. ಗಾಜು ಇಳಿಯಿತು. ನಮ್ಮ ಟ್ಯಾಕ್ಸಿಯವನು.

“ಎಷ್ಟರಲ್ಲಿ ಬಂದೆ ಸಾರ್?” ಎಂದು ತಲೆ ಕೆರೆದುಕೊಳ್ಳುತ್ತ ಕೇಳಿದ.

“ನಲವತ್ತಮೂರು” ಎಂದೆ. ಆ ವೇಗವನ್ನು ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ.