ಉಪ್ಪು ತಿಂದ ಮೋಟಾರು

ನಾನು ಮೆಕ್ಯಾನಿಕ್ ಅಲ್ಲ. ಕಲಬುರಗಿಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವನು. ಆದರೆ ಹತ್ತು ವರ್ಷದ ಹಿಂದೆ ಅತ್ತೆಯ ಮಿಕ್ಸಿ ನಿಂತುಹೋದಾಗ ಅದನ್ನು ಬೋರಲು ಹಾಕಿ, ತಳದಲ್ಲಿದ್ದ ಕೆಂಪು ಗುಂಡಿ ಒತ್ತಿದೆ. ಮಿಕ್ಸಿ ಗುರ್ ಅಂತ ಶುರುವಾಯಿತು. ಹೆಚ್ಚಿನ ಮಿಕ್ಸಿಗಳಿಗೆ ಅಂಥದೊಂದು ಗುಂಡಿ ಇರುತ್ತದೆ, ಲೋಡ್ ಜಾಸ್ತಿಯಾದರೆ ಅದು ಹೊರಗೆ ಬರುತ್ತದೆ, ಮತ್ತೆ ಒತ್ತಿದರೆ ಆಯಿತು. ಇದನ್ನು ಅವತ್ತೇ ಹೇಳಿಬಿಟ್ಟಿದ್ದರೆ ಮುಂದಿನ ಯಾವ ಕಷ್ಟವೂ ಇರುತ್ತಿರಲಿಲ್ಲ. ಹೇಳಲಿಲ್ಲ. ಸುಮ್ನೆ ಗಂಭೀರವಾಗಿ ಕೈ ಒರೆಸಿಕೊಂಡೆ. ಅವತ್ತಿನಿಂದ ನಮ್ಮ ಬಳಗದಲ್ಲಿ ನಾನು 'ಮಷಿನ್ ತಿಳಿದಂವ'.

ಈ ಮೇ ತಿಂಗಳಲ್ಲಿ ಸೋದರಮಾವನ ಫೋನ್ ಬಂತು. "ಅಳ್ಯಾ, ರವಿವಾರ ಬಂದ್ಬಿಡು. ದೋಣಿ ಮೋಟಾರ್ ತಂದೀನಿ. ಚಾಲೂ ಆಗವಲ್ದು. ನಿನಗ ಮಷಿನ್ ತಿಳೀತದ."

ಮಾವನ ಊರು ಯಾದಗಿರಿ ಜಿಲ್ಲೆಯಲ್ಲಿ, ಕೃಷ್ಣಾ ನದಿಯ ದಂಡೆಗೆ. ತಲೆತಲಾಂತರದಿಂದ ಮೀನು ಹಿಡಿಯುವ ಮನೆ. ಅವರ ಗಾಡಿ ಅಂದರೆ ತೆಪ್ಪ. ದುಂಡಗಿನ ತೆಪ್ಪ, ಒಂದು ಹುಟ್ಟು, ಮುಗಿಯಿತು. ಅದು ಕೆಡುವುದಿಲ್ಲ, ಪೆಟ್ರೋಲ್ ಕೇಳುವುದಿಲ್ಲ. ಆದರೆ ಮಾವನಿಗೆ ಅರವತ್ತು ದಾಟಿದೆ, ರಟ್ಟೆ ನೋಯುತ್ತದೆ. ಪಕ್ಕದ ಮನೆಯ ಹುಡುಗ ಮಲ್ಪೆಯಲ್ಲಿ ದುಡಿಯಲು ಹೋಗಿದ್ದ. ಅವನು ಅಲ್ಲಿ ಯಾರದೋ ನಾಡದೋಣಿಯ ಹಳೇ ಮೋಟಾರು ನೋಡಿ, ಮಾವನಿಗೆ ಫೋಟೋ ಕಳಿಸಿದ. ಎಂಟು ಎಚ್‌ಪಿ, ಟೂ ಸ್ಟ್ರೋಕ್. ಮಾವ ಫೋಟೋದಲ್ಲೇ ಮನಸೋತು ದುಡ್ಡು ಹಾಕಿದ. ಮೋಟಾರು ಗೋಣಿಚೀಲ ಸುತ್ತಿಕೊಂಡು, ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಮಲಗಿ, ಹೆಣದ ಹಾಗೆ ಊರಿಗೆ ಬಂತು. ಬೆನ್ನಿಗೇ ಹಳೇ ಫೈಬರ್ ದೋಣಿಯೊಂದೂ ಬಂತು. ತೆಪ್ಪಕ್ಕೇ ಮೋಟಾರು ಕಟ್ಟಬೇಕೆಂಬ ಆಸೆ ಮಾವನಿಗಿತ್ತಂತೆ. ದುಂಡಗಿನ ತೆಪ್ಪಕ್ಕೆ ಮುಂದೆ ಯಾವುದು, ಹಿಂದೆ ಯಾವುದು? ಕಟ್ಟಿದ್ದರೆ ಇವತ್ತಿಗೂ ಗಿರಗಿರ ತಿರುಗುತ್ತಿರುತ್ತಿದ್ದ.

ನಾನು ಹೋದಾಗ ಮೋಟಾರು ಅಂಗಳದ ಬೇವಿನ ಗಿಡದ ಬುಡದಲ್ಲಿ ಎತ್ತಿನ ಬಂಡಿಯ ಹಲಗೆಗೆ ಬಿಗಿದುಕೊಂಡು ನಿಂತಿತ್ತು. ಸುತ್ತ ಹತ್ತು ಹದಿನೈದು ಜನ. ಚಹಾ ಒಂದು ಸುತ್ತು ಆಗಿತ್ತು.

ಕಾಯಿಲೆ ಬಿದ್ದವನ ಮನೆಯಲ್ಲಿ ಬಂದವರೆಲ್ಲ ಡಾಕ್ಟರೇ ಅಲ್ವಾ? ಪಂಪ್‌ಸೆಟ್ ವೈಂಡಿಂಗ್ ಮಾಡುವವರು "ವೈಂಡಿಂಗ್ ಸುಟ್ಟದ" ಅಂದರು. ಟ್ರ್ಯಾಕ್ಟರ್ ಇದ್ದವರು "ಏರ್ ಹಿಡ್ದದ" ಅಂದರು. ರಿಟೈರ್ಡ್ ಮಾಸ್ತರರೊಬ್ಬರು ಒಂದು ಕಾಲಕ್ಕೆ ಬಜಾಜ್ ಸ್ಕೂಟರ್ ಓಡಿಸಿದ್ದವರು. ಅವರದು ಒಂದೇ ಮಾತು: "ಒಂಚೂರು ವಾಲಿಸ್ರಿ. ನಮ್ಮ ಚೇತಕ್ ವಾಲಿಸಿದ ಮ್ಯಾಲೇ ಚಾಲೂ ಆಗ್ತಿತ್ತು." ದೋಣಿ ಮೋಟಾರನ್ನು ಹಾಗೆಲ್ಲ ಸಿಕ್ಕ ಕಡೆಗೆ ಮಲಗಿಸಬಾರದು, ಒಳಗೆ ಉಳಿದ ನೀರು ಸಿಲಿಂಡರ್‌ಗೆ ಇಳಿಯುತ್ತದೆ. ಆದರೆ ಈ ಮೋಟಾರು ಬಸ್ಸಿನ ಡಿಕ್ಕಿಯಲ್ಲಿ ಇಡೀ ರಾತ್ರಿ ಹೊರಳಾಡಿ ಬಂದಿದ್ದರಿಂದ ನಾನು ಬಾಯಿ ಬಿಡಲಿಲ್ಲ.

ನನ್ನ ವಿದ್ಯೆಯೆಲ್ಲ ಹಿಂದಿನ ರಾತ್ರಿ ನೋಡಿದ ನಾಲ್ಕು ವಿಡಿಯೋಗಳದು. ಯಾವ ಪೆಟ್ರೋಲ್ ಎಂಜಿನ್ನೇ ಆಗಲಿ, ಅದಕ್ಕೆ ಮೂರೇ ಬೇಕು: ಕಿಡಿ, ಪೆಟ್ರೋಲ್, ಒತ್ತಡ. ಮೂರೂ ಸಮಯಕ್ಕೆ ಸರಿಯಾಗಿ ಸಿಕ್ಕರೆ ಅದು ಓಡಲೇಬೇಕು. ಇದನ್ನು ನಾನು ಜೋರಾಗಿ ಹೇಳಿದಾಗ ನೆರೆದವರು ತಲೆದೂಗಿದರು. ಮಿಕ್ಸಿಯ ಕೀರ್ತಿ ಇನ್ನೂ ಉಳಿದಿತ್ತು.

ಮೋಟಾರು ಚಾಲೂ ಮಾಡುವ ಹಗ್ಗ ಎಳೆದರೆ ಒಳಗೆ ಗಟ್ಟಿಯಾಗಿ ತಡೆಯುತ್ತಿತ್ತು. ಅಂದರೆ ಒತ್ತಡ ಇದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರ್‌ನ ಬಟ್ಟಲಿನ ತಳದ ಸ್ಕ್ರೂ ಬಿಚ್ಚಿದೆ. ಜೇನಿನ ಬಣ್ಣದ, ಹುಳಿ ವಾಸನೆಯ ಒಂದು ಅಂಟು ಇಳಿಯಿತು. ಎಷ್ಟೋ ತಿಂಗಳಿನಿಂದ ನಿಂತ ಪೆಟ್ರೋಲ್. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ನಿಂತಲ್ಲೇ ನಿಂತರೆ ಸಣ್ಣ ತೂತಿನ ಜೆಟ್ಟು ಮುಚ್ಚಿಹೋಗುತ್ತದೆ. ಜೆಟ್ಟಿನ ತೂತು ಎಷ್ಟು ಸಣ್ಣದೆಂದರೆ, ಆಕಾಶಕ್ಕೆ ಹಿಡಿದು ನೋಡಿದರೆ ಸಾಸಿವೆಯ ಕಾಲು ಭಾಗದಷ್ಟು ಬೆಳಕು ಕಾಣಬೇಕು. ಕಾಣಲಿಲ್ಲ. ಪೆಟ್ರೋಲಿನಲ್ಲಿ ನೆನೆಹಾಕಿ, ವೈರಿನ ಒಂದು ಎಳೆ ತೂರಿಸಿ, ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದ ಮೇಲೆ ಕಂಡಿತು. ಮಾವನ ಮೊಮ್ಮಗ "ನನಗೂ ಚಂದ್ರ ತೋರ್ಸು" ಅಂತ ಹಟ ಹಿಡಿದ. ಅವನಿಗೂ ತೋರಿಸಿದೆ.

ಟೂ ಸ್ಟ್ರೋಕ್ ಅಂದಮೇಲೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಮಾವ ಲೂನಾ ಕಾಲದ ಕೈ ಅಂದಾಜಿನಲ್ಲಿ ಸುರಿಯಲು ಹೊರಟಿದ್ದ. ನಾನು ತಡೆದು, 50 ಪಾಲು ಪೆಟ್ರೋಲಿಗೆ 1 ಪಾಲು, ಅಂದರೆ ಲೀಟರಿಗೆ 20 ಎಂಎಲ್ ಎಂದು ಲೆಕ್ಕ ಹೇಳಿದೆ. ಲೆಕ್ಕ ಮಾತ್ರ ನನ್ನ ಖಾಸಾ ವಿದ್ಯೆ. ಮೊಮ್ಮಗನ ಕೆಮ್ಮಿನ ಔಷಧಿಯ ಮುಚ್ಚಳ 5 ಎಂಎಲ್. ಲೀಟರಿಗೆ ನಾಲ್ಕು ಮುಚ್ಚಳ ಹಾಕಿದೆವು.

ಇಷ್ಟಾದರೂ ಮೋಟಾರು ಕೆಮ್ಮಲೂ ಇಲ್ಲ. ಉಳಿದದ್ದು ಕಿಡಿ.

ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯಬೇಕು. ಇನ್ನೊಬ್ಬರು ಹಗ್ಗ ಎಳೆಯಬೇಕು. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಬೇಕು. ಪ್ಲಗ್ ಹಿಡಿಯಲು ಮಾವ ಮುಂದೆ ಬಂದ. ಎಳೆದೆವು. ಇಲ್ಲ. ಮಾಸ್ತರರು ಕಂಬಳಿ ಹೊದಿಸಿ ನೆರಳು ಮಾಡಿದರು. ಎಳೆದೆವು. ಇಲ್ಲ. ಪ್ಲಗ್ ಬದಲಿಸಿದೆವು, ವೈರು ತಿಕ್ಕಿದೆವು. ಇಪ್ಪತ್ತು ಸಲ ಎಳೆದಿರಬೇಕು. ನನ್ನ ಅಂಗೈಯಲ್ಲಿ ಗುಳ್ಳೆ ಎದ್ದವು. ಮಾವ ಮಾತ್ರ ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿದು, ಬೀಡಿ ಹಿಡಿದಷ್ಟು ಆರಾಮವಾಗಿ ಕೂತಿದ್ದ.

"ಮಾಮಾ, ಗೂಗಲ್‌ನಲ್ಲಿ ಒಮ್ಮೆ ನೋಡೋಣ" ಅಂದೆ.

ಮಾವ ಹುಬ್ಬು ಗಂಟಿಕ್ಕಿದ. "ಗೂಗಲ್‌ದಾಗ ಯಾವ ಮಿಸ್ತ್ರಿ ಅದಾನೋ? ಅಲ್ಲಿ ಅಲ್ಲಮಪ್ರಭು ಗುಡಿ ಅದ, ಬ್ಯಾರೇಜ್ ಅದ. ಗ್ಯಾರೇಜ್ ಎಲ್ಲದ?"

ಈ ಭಾಗದವರಲ್ಲದವರಿಗೆ ಹೇಳಬೇಕು. ಗೂಗಲ್ ಎಂಬುದು ಹೊಳೆಯ ಆಚೆ ದಂಡೆಯ ಊರು, ದೇವದುರ್ಗ ತಾಲೂಕಿನದು. ಕಂಪ್ಯೂಟರ್ ಹುಟ್ಟುವ ಎಷ್ಟೋ ಮೊದಲಿನಿಂದ ಅಲ್ಲೇ ಇದೆ. ಬ್ಯಾರೇಜಿನದೋ ಗ್ಯಾರೇಜಿನದೋ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಊಟದ ಹೊತ್ತಾಯಿತು.

ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ತಿನ್ನುತ್ತಾ ಫೋನಿನಲ್ಲಿ ಇನ್ನೊಂದು ವಿಡಿಯೋ ಹಾಕಿದೆ. ಅದರಲ್ಲಿ ದೋಣಿ ನಡೆಸುವವನ ಮಣಿಕಟ್ಟಿಗೆ ಒಂದು ಕೆಂಪು ಸುರುಳಿ ದಾರ. ಜಾತ್ರೆಯಲ್ಲಿ ಕಟ್ಟಿಸಿಕೊಂಡದ್ದಿರಬೇಕು ಅಂದುಕೊಂಡೆ. ದಾರದ ಇನ್ನೊಂದು ತುದಿ ಮೋಟಾರಿಗಿತ್ತು. ಅದೇ ಹೊತ್ತಿಗೆ ಅತ್ತೆ ಮಜ್ಜಿಗೆ ಬಡಿಸಲು ಬಗ್ಗಿದಳು. ಸೊಂಟದಲ್ಲಿ ಸಿಕ್ಕಿಸಿದ್ದ ಅಲಮಾರಿಯ ಬೀಗದ ಕೈ ಕೆಂಪು ಸುರುಳಿ ದಾರದಲ್ಲಿ ಜೋತಾಡಿತು. ದಾರದ ತುದಿಯಲ್ಲಿ ಕುದುರೆ ಲಾಳದಂಥ ಪ್ಲಾಸ್ಟಿಕ್ ಕ್ಲಿಪ್.

ತುತ್ತು ಗಂಟಲಲ್ಲೇ ನಿಂತಿತು. "ಅತ್ತಿ, ಇದು ಎಲ್ಲಿ ಸಿಕ್ತು?"

"ಗೋಣಿಚೀಲದಾಗ ಬಂದಿತ್ತು. ಛಲೋ ಅದ ಅಂತ ಬೀಗದ ಕೈ ಕಟ್ಟಿಕೊಂಡೀನಿ. ಎಳದ್ರ ಉದ್ದ ಆಗ್ತದ, ಬಿಟ್ರ ಗಿಡ್ಡ ಆಗ್ತದ."

ಆ ಕ್ಲಿಪ್ಪಿನ ಕೆಲಸ ಇಷ್ಟೇ. ಮೋಟಾರು ನಿಲ್ಲಿಸುವ ಕೆಂಪು ಗುಂಡಿಯ ಹಿಂದೆ ಅದು ಕೂತಿರಬೇಕು. ದಾರ ದೋಣಿಯವನ ಕೈಗೆ. ಅವನು ಆಯತಪ್ಪಿ ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬರುತ್ತದೆ, ಕಿಡಿ ನಿಂತು ಮೋಟಾರು ಆರುತ್ತದೆ. ಕ್ಲಿಪ್ ಇಲ್ಲದಿದ್ದರೆ ಎಳೆದವನ ರಟ್ಟೆ ಬೀಳಬಹುದು, ಕಿಡಿ ಬರುವುದಿಲ್ಲ. ಇಲ್ಲೂ ಒಂದು ಕೆಂಪು ಗುಂಡಿ! ನನ್ನ ಇಡೀ ವೃತ್ತಿಜೀವನವೇ ಕೆಂಪು ಗುಂಡಿಗಳ ಮೇಲೆ ನಿಂತಿದೆ.

ಬೀಗದ ಕೈ ಬಿಚ್ಚಲು ಅತ್ತೆ ಒಪ್ಪಲಿಲ್ಲ. ಹಾಗೇ ಸಿಕ್ಕಿಸಿದೆವು. ಮಾವ ಎಂದಿನಂತೆ ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿದ. ಇಪ್ಪತ್ತು ಸಲ ಏನೂ ಆಗಿರಲಿಲ್ಲವಲ್ಲ. ನಾನು ಎಳೆದೆ.

"ಯಪ್ಪೋ!"

ಮಾವ ಕೂತಲ್ಲಿಂದ ಒಂದು ಮೊಳ ಎದ್ದು, ಪಂಪ್‌ಸೆಟ್ಟಿನವರ ತೊಡೆಯ ಮೇಲೆ ಬಿದ್ದ. ಬಿದ್ದಲ್ಲಿಂದಲೇ, ನಡುಗುವ ದನಿಯಲ್ಲಿ, ಆದರೆ ಬಹಳ ಖುಷಿಯಿಂದ ಹೇಳಿದ: "ಕರೆಂಟ್ ಬಂತು!"

ಮುಂದಿನದು ನೀರಿನ ಪರೀಕ್ಷೆ. ದೋಣಿ ಮೋಟಾರನ್ನು ಒಣಗಾಳಿಯಲ್ಲಿ ಓಡಿಸಬಾರದು. ಅದಕ್ಕೆ ತಂಪು ಕೊಡುವುದೇ ಹೊಳೆಯ ನೀರು. ಕೆಳಗೆ ಒಂದು ರಬ್ಬರ್ ಚಕ್ರ ನೀರು ಹೀರಿ ಮೇಲಕ್ಕೆ ತಳ್ಳುತ್ತದೆ, ಪಕ್ಕದ ಸಣ್ಣ ತೂತಿನಿಂದ ಪಿಚಕಾರಿಯ ಹಾಗೆ ಹೊರಬರುತ್ತದೆ. ಆ ಧಾರೆ ಕಂಡರೆ ಮೋಟಾರು ಕ್ಷೇಮ. ಅತ್ತೆಯ ತೊಗರಿ ಡ್ರಮ್ ಖಾಲಿ ಮಾಡಿಸಿ ನೀರು ತುಂಬಿ, ಮೋಟಾರಿನ ಕಾಲು ಅದರಲ್ಲಿಟ್ಟು ಎಳೆದೆ. ಮೂರನೇ ಎಳೆತಕ್ಕೆ ಹೊತ್ತಿಕೊಂಡಿತು. ಆ ಸದ್ದಿಗೆ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಹೊಗೆಯಲ್ಲಿ ಬೇವಿನ ಗಿಡವೇ ಕಾಣಲಿಲ್ಲ. ಆದರೆ ಧಾರೆ ಇಲ್ಲ. ಅರ್ಧ ನಿಮಿಷಕ್ಕೇ ಆರಿಸಿದೆ.

ಬಿಚ್ಚಿ ನೋಡಿದರೆ ರಬ್ಬರ್ ಚಕ್ರದ ಆರು ಎಸಳಿನಲ್ಲಿ ಎರಡು ಇಲ್ಲ. ತೂತಿಗೆ ವೈರು ಹಾಕಿದರೆ ಬಿಳೀ ಪುಡಿ ಉದುರಿತು. ಮಾವ ನಾಲಿಗೆಗೆ ಹಚ್ಚಿ ನೋಡಿದ. ಉಪ್ಪು! ಸಮುದ್ರದಲ್ಲಿ ಓಡಿದ ಮೋಟಾರನ್ನು ಪ್ರತಿ ಸಲವೂ ಸಿಹಿನೀರಿನಲ್ಲಿ ಓಡಿಸಿ ತೊಳೆಯಬೇಕು. ಇದನ್ನು ಯಾರೂ ತೊಳೆದಿರಲಿಲ್ಲ.

ಕಟ್ಟೆಯ ಮೇಲೆ ಬೆಳಗಿನಿಂದ ಒಂದೂ ಮಾತಾಡದೆ ಕೂತಿದ್ದ ಮುದುಕರೊಬ್ಬರು ಆಗ ಬಾಯಿ ತೆರೆದರು. "ಉಪ್ಪು ತಿಂದಂವ ನೀರು ಕುಡೀಲೇಬೇಕಪ್ಪ. ಕುಡಸ್ರಿ."

ಇಡೀ ದಿನ ಬಂದ ಸಲಹೆಗಳಲ್ಲಿ ತಾಂತ್ರಿಕವಾಗಿ ಸರಿಯಾಗಿದ್ದದ್ದು ಇದೊಂದೇ.

ಹೊಸ ರಬ್ಬರ್ ಚಕ್ರ ಮಲ್ಪೆಯಿಂದ ಬರಲು ಎಂಟು ದಿನ. ಮುಂದಿನ ರವಿವಾರ ಮತ್ತೆ ಹೋದೆ. ಅಷ್ಟರಲ್ಲಿ ಮಾವ ಮೋಟಾರಿಗೆ ದಿನಾ ಎರಡು ಕೊಡ ನೀರು ಕುಡಿಸಿದ್ದ. ಚಕ್ರ ಹಾಕಿ ಡ್ರಮ್ಮಿನಲ್ಲಿಟ್ಟು ಎಳೆದೆವು. ಪಕ್ಕದ ತೂತಿನಿಂದ ಮೊದಲು ಕೆಸರು, ಆಮೇಲೆ ತಿಳಿ ಧಾರೆ. ಮಾವ ಅಂಗೈ ಒಡ್ಡಿ ಆ ನೀರನ್ನು ಕಣ್ಣಿಗೆ ಒತ್ತಿಕೊಂಡ, ತೀರ್ಥದ ಹಾಗೆ.

ಹೊಳೆಗಿಳಿದೆವು. ಬ್ಯಾರೇಜಿನ ಹಿನ್ನೀರು ಕನ್ನಡಿಯ ಹಾಗಿತ್ತು. ದೋಣಿ ಸೀಳಿಕೊಂಡು ಹೊರಟಿತು. ನಾನು ಖುಷಿಯಲ್ಲಿ, ಈ ಮೋಟಾರು ಹುಟ್ಟಿದ ಕಥೆ ಹೇಳಿದೆ. ಅಮೆರಿಕದಲ್ಲಿ ಓಲೆ ಎವಿನ್‌ರೂಡ್ ಎಂಬುವನು ಮನಮೆಚ್ಚಿದ ಹುಡುಗಿಗೆ ಐಸ್‌ಕ್ರೀಮ್ ತರಲು ಕೆರೆ ದಾಟಿ ಹುಟ್ಟು ಹಾಕಿದನಂತೆ, ಬರುವಷ್ಟರಲ್ಲಿ ಅದು ಕರಗಿತಂತೆ, ಆ ಸಿಟ್ಟಿಗೆ ದೋಣಿ ಮೋಟಾರು ಮಾಡಿ 1909ರಲ್ಲಿ ಮಾರಲು ಶುರುಮಾಡಿದನಂತೆ. ಮಾವ ಸ್ವಲ್ಪ ಹೊತ್ತು ಯೋಚಿಸಿದ. "ಆಕಿನ್ನೇ ಅಂಗಡಿಗಿ ಕರಕೊಂಡು ಹೋಗಿದ್ರ ಮುಗೀತಿತ್ತಲ್ಲ."

ಹತ್ತು ನಿಮಿಷಕ್ಕೆ ಮೋಟಾರು ನಿಂತಿತು. ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಹೋಗಲು ಒಂದು ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿರಲಿಲ್ಲ, ಪೆಟ್ರೋಲ್ ಇಳಿಯುವುದು ನಿಂತಿತ್ತು. ಬಿಚ್ಚಿದೆ, ಉಸ್ ಅಂತ ಗಾಳಿ ಒಳಗೆ ಹೋಯಿತು, ಮತ್ತೆ ಹೊರಟೆವು. ಈ ಸಲ ಮಾವ ಮೋಟಾರಿನ ಕಿವಿ ತಿರುವಿ ಜೋರು ಮಾಡಿದ. ಬೇಸಿಗೆಯ ಕೃಷ್ಣೆಯ ಒಡಲಲ್ಲಿ ಬಂಡೆಗಳು ಎಲ್ಲಿವೆ ಅಂತ ಅವನಿಗೆ ಅಂಗೈ ರೇಖೆಯಷ್ಟು ಗೊತ್ತು. ಆದರೆ ಅದು ತೆಪ್ಪದ ಲೆಕ್ಕ. ತೆಪ್ಪಕ್ಕೆ ಒಂದು ಗೇಣು ನೀರು ಸಾಕು. ಮೋಟಾರಿನ ಕಾಲು ಎರಡು ಮೊಳ.

ಟಕ್.

ಮೋಟಾರು ಇನ್ನೂ ಜೋರಾಗಿ ಕೂಗಿತು, ದೋಣಿ ಮಾತ್ರ ನಿಂತಲ್ಲೇ ನಿಂತಿತು. ನೀರಿನಲ್ಲಿ ತಿರುಗಿ ದೋಣಿ ತಳ್ಳುವ ಪಂಖಕ್ಕೆ ಅಡ್ಡಲಾಗಿ ಒಂದು ಮೆತ್ತನೆ ಪಿನ್ ಇರುತ್ತದೆ. ಬಂಡೆಗೆ ಬಡಿದಾಗ ಗಿಯರು ಮುರಿಯಬಾರದೆಂದು ತಾನೇ ಮುರಿದುಕೊಳ್ಳುತ್ತದೆ. ಪಾಪ, ಅದು ತನ್ನ ಕೆಲಸ ಮಾಡಿತ್ತು. ಇನ್ನೊಂದು ಪಿನ್ ನಮ್ಮಲ್ಲಿರಲಿಲ್ಲ. ಹುಟ್ಟೂ ಇರಲಿಲ್ಲ. ಮೋಟಾರು ಇರುವಾಗ ಹುಟ್ಟು ಯಾಕೆ ಅಂತ ಮಾವನೇ ದಂಡೆಯಲ್ಲಿ ಬಿಟ್ಟು ಬಂದಿದ್ದ.

ಬಿಸಿಲಲ್ಲಿ ಮುಕ್ಕಾಲು ತಾಸು ಕೂತೆವು. ಕೊನೆಗೆ ಒಂದು ತೆಪ್ಪ ಬಂತು. ಅದರಲ್ಲಿದ್ದ ಹುಡುಗನಿಗೆ ಹದಿನಾಲ್ಕು ವರ್ಷ ಇರಬಹುದು. ನಮ್ಮ ದೋಣಿಗೆ ಹಗ್ಗ ಕಟ್ಟಿ, ಏನೂ ಕೇಳದೆ, ಹಾಡು ಗುನುಗುತ್ತಾ ಎಳೆದುಕೊಂಡು ಹೊರಟ. ಎಂಟು ಎಚ್‌ಪಿಯ ಪಕ್ಕದಲ್ಲಿ ಕೂತ ಮಾವ ಅವನ ಮುಖ ನೋಡಲಿಲ್ಲ.

ದಂಡೆಯಲ್ಲಿ ಅತ್ತೆ ನಿಂತಿದ್ದಳು. ಗಾಬರಿಯಾಗಿದ್ದಾಳೆ, ಪಾಪ, ಅಂದುಕೊಂಡೆ. ದೋಣಿ ತಾಗುವ ಮೊದಲೇ ಕೈ ಚಾಚಿದಳು.

"ಅಲಮಾರಿ ಕೈ ಕೊಡ್ರಿ. ಶಹಾಪುರದಾಗ ಮದುವಿ ಅದ, ನನ್ನ ಇಳಕಲ್ ಸೀರಿ ಒಳಗದ."

ಬೀಗದ ಕೈ ಇನ್ನೂ ಮಾವನ ಮಣಿಕಟ್ಟಿನ ದಾರದಲ್ಲೇ ಇತ್ತು. ಗಂಟು ನೆಂದು ಬಿಗಿದಿತ್ತು. ಮಾವ ಬಿಚ್ಚಿ ನೋಡಿದ, ನಾನೂ ನೋಡಿದೆ, ತೆಪ್ಪದ ಹುಡುಗ ಹಲ್ಲಿನಿಂದ ಕಚ್ಚಿ ನೋಡಿದ. ಬಸ್ಸಿನ ಹೊತ್ತಾಗಿತ್ತು. ಅತ್ತೆ ಮೋಟಾರಿನಿಂದ ಕ್ಲಿಪ್ ಕಿತ್ತು, ದಾರದ ಸಮೇತ ಸೊಂಟಕ್ಕೆ ಸಿಕ್ಕಿಸಿಕೊಂಡು ಮದುವೆಗೆ ಹೋದಳು.