ಒಂದಾಗುತ್ತೇವೆ ಎಂದರೆ ನಗುತ್ತಾರೆ

ಶಿರಸಿಯಿಂದ ಬಂದು ಫೈಲನ್ನು ಮೇಜಿನ ಮೇಲೆ ಎಸೆದು ಮುಕ್ಕಾಲು ಗಂಟೆಯಾದರೂ ಆ ನಗು ಕಿವಿಯಿಂದ ಹೋಗುತ್ತಿಲ್ಲ. ಭಾವನ ಕಂಪನಿಯನ್ನು ನಮ್ಮದರೊಳಗೆ ವಿಲೀನ ಮಾಡಿಸಿಕೊಡಿ ಎಂದು ಕೇಳಿದ್ದೆ, ಅಷ್ಟೇ. ವಕೀಲರು ಕನ್ನಡಕವನ್ನು ಹಣೆಗೇರಿಸಿ, ಬೆಂಚಿನ ಮೇಲಿದ್ದ ಕಕ್ಷಿದಾರರಿಗೆಲ್ಲ ಕೇಳುವಂತೆ, "ಇಲ್ಲಿಗೆ ಬರುವವರೆಲ್ಲ ಹಿಸೆ ಮಾಡಿಸಿಕೊಳ್ಳಲು ಬರುತ್ತಾರೆ, ಒಂದಾಗುತ್ತೇವೆ ಎಂದು ಬಂದವರು ನೀವೇ ಮೊದಲು, ಮಾರಾಯರೇ" ಎಂದರು. ಬೆಂಚು ನಕ್ಕಿತು. ಗುಮಾಸ್ತರು ಟೈಪು ಮಾಡುವುದನ್ನು ನಿಲ್ಲಿಸಿ ನಕ್ಕರು. ತೋಟಕ್ಕೆ ಸೊಪ್ಪು ತರುವ ಬೆಟ್ಟದ ತಕರಾರಿಗೆ ಬಂದಿದ್ದ, ನನ್ನನ್ನು ಚಿಕ್ಕಂದಿನಿಂದ ಬಲ್ಲ ನಮ್ಮೂರಿನ ಹಿರಿಯರೊಬ್ಬರು, ಏನೊಂದೂ ಅರ್ಥವಾಗದೆಯೇ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು. ನಾನೂ ನಕ್ಕೆ. ಈಗ ಉರಿಯುತ್ತಿರುವುದು ಅದೇ.

ನಗುವಂಥದ್ದೇನಿತ್ತು? 2013ರ ಕಂಪನಿ ಕಾಯ್ದೆಯ 233ನೇ ಕಲಂ ನಮ್ಮಂತಹ ಸಣ್ಣ ಕಂಪನಿಗಳಿಗೂ ನ್ಯಾಯಮಂಡಳಿಯ ಮೆಟ್ಟಿಲು ಹತ್ತದೆ ವಿಲೀನವಾಗುವ ದಾರಿಯನ್ನು ಕೊಟ್ಟಿದೆ: ಕಂಪನಿಗಳ ರಿಜಿಸ್ಟ್ರಾರರಿಗೂ, ಮುಚ್ಚುವ ಕಂಪನಿಗಳ ಆಸ್ತಿ ವಿಲೇವಾರಿ ನೋಡುವ ಅಧಿಕೃತ ಲಿಕ್ವಿಡೇಟರಿಗೂ ನೋಟಿಸು ಕೊಟ್ಟು 30 ದಿನ ಆಕ್ಷೇಪಣೆಗೆ ಕಾಯಬೇಕು, ಶೇ. 90ರಷ್ಟು ಷೇರುಗಳ ಒಪ್ಪಿಗೆ ಬೇಕು, ಸಾಲದ ಮೊತ್ತದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಕೊಟ್ಟವರು ಒಪ್ಪಬೇಕು. ಇದನ್ನೇ ಹೇಳಿದರೆ, "ಇಷ್ಟೆಲ್ಲ ತಿಳಿದಿದ್ದರೆ ನೀವೇ ಮಾಡಿಕೊಳ್ಳಿ" ಎಂದುಬಿಟ್ಟರು.

ಅವರನ್ನು ದೂರಿ ಏನು ಫಲ? ಅಪ್ಪಯ್ಯನ ತೋಟದ ದಾವೆಯನ್ನು ಗೆದ್ದುಕೊಟ್ಟವರೂ ಅವರೇ. ಸೊಪ್ಪಿನ ಬೆಟ್ಟ, ಅರಣ್ಯ ಅತಿಕ್ರಮಣ, ಪಾಲುಪಟ್ಟಿ, ಇವುಗಳಿಂದಲೇ ಇಲ್ಲಿಯ ವಕೀಲಿ ನಡೆಯುವುದು. ಆದರೆ, ಈ ಕೆಲಸ ನನ್ನದಲ್ಲ ಎಂಬ ಒಂದು ಮಾತನ್ನು ನಗದೆ ಹೇಳಬಹುದಿತ್ತಲ್ಲ! ಬೆಂಗಳೂರಿನ ವಕೀಲರೊಬ್ಬರು ವಹಿವಾಟು ಎಷ್ಟು ಕೋಟಿ ಎಂದು ಮೊದಲು ವಿಚಾರಿಸಿದರು. ನನ್ನ ಉತ್ತರ ಕೇಳಿದ ಮೇಲೆ ಫೋನನ್ನೇ ಎತ್ತಲಿಲ್ಲ.

ನಾನೂ ಕಡಿಮೆಯವನಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡೂ ಕಂಪನಿಗಳ ಮೂರು ವರ್ಷದ ಆಡಿಟ್ ವರದಿಗೆ ಬೈಂಡ್ ಹಾಕಿಸಿಕೊಂಡು, ಮುಂಬಯಿಯ ಉದ್ಯಮಪತಿಯ ಗತ್ತಿನಲ್ಲಿ ಹೋಗಿದ್ದೆ. ಇರುವುದು ಒಂದು ಕಾಳುಮೆಣಸಿನ ಗೋದಾಮು, ಎರಡು ಡ್ರೈಯರು, ಹನ್ನೊಂದು ಜನ ಕೆಲಸದವರು.

ಕಾರವಾರ, ಕುಮಟಾ, ಹೊನ್ನಾವರ, ಬೇಕಾದರೆ ಹುಬ್ಬಳ್ಳಿಯಲ್ಲಿಯೇ ಇರಲಿ, ಈ ಕಲಮಿನಡಿ ಒಂದೇ ಒಂದು ವಿಲೀನವನ್ನಾದರೂ ಮಾಡಿಸಿದ ವಕೀಲರಿದ್ದರೆ ದಯವಿಟ್ಟು ಯಾರಾದರೂ ತಿಳಿಸಿ. ತಿಳಿಸದಿದ್ದರೂ ನಡೆಯುತ್ತದೆ, ಎರಡು ಕಂಪನಿ, ಎರಡು ಲೆಕ್ಕ, ಎರಡು ಆಡಿಟ್ ಎಂದು ಹೀಗೆಯೇ ಇದ್ದುಬಿಡುತ್ತೇವೆ. ಇಲ್ಲ, ತಿಳಿಸಿ. ಗುಮಾಸ್ತರು ನನ್ನ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ "ಹಿಸೆ ಬಾಬ್ತು" ಎಂದು ಬರೆದು ಕಳಿಸಿದ್ದಾರೆ. ಅದನ್ನು ಓದಿದ ಅಕ್ಕ, ಇದೇನಿದು ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ.