ಅಡವಿಟ್ಟ ಮಾಲನ್ನೇ ಅಡವಿಡಿರಿ!

ಗೋವಿನಜೋಳದ ದರ ಬಿದ್ದರೆ ಸಾಕು, ರೈತನಿಗೆ ಬುದ್ಧಿ ಹೇಳುವವರ ದರ ಏರುತ್ತದೆ. 2025ರ ನವೆಂಬರಿನಲ್ಲಿ ಖರೀದಿ ಕೇಂದ್ರ ತೆರೆಯಿರಿ ಅಂತ ರೈತರು ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಧರಣಿ ಕೂತಿದ್ದರು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇತ್ತು. ಬೆಂಬಲ ದಿಲ್ಲಿಯದು, ಬೆಲೆ ದಲಾಲಿಯ ಅಡತಿ ಅಂಗಡಿಯದು. ಅದಕ್ಕೇ ಬಲ್ಲವರ ಸಲಹೆ: ಗಡಿಬಿಡಿಯಲ್ಲಿ ಮಾರಬೇಡ್ರಿ, ಗೋದಾಮಿನಲ್ಲಿಡ್ರಿ, ರಸೀದಿ ಮೇಲೆ ಸಾಲ ತಗೊಳ್ರಿ.

ಯೋಜನೆ ಚಂದವೇ ಇದೆ. ಗೋದಾಮಿನ ಕಾನೂನು 2007ರದು, ಇ-ರಸೀದಿ 2017ರಿಂದ. ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದ ಸಣ್ಣ ರೈತನಿಗೆ ಆರು ತಿಂಗಳವರೆಗೆ ಬೆಳೆಸಾಲದ ರಿಯಾಯಿತಿ ಬಡ್ಡಿ. ರಸೀದಿ ಆನ್‌ಲೈನಿನಲ್ಲೇ ಬರುತ್ತದೆ. ಮಾಲು ಮಾತ್ರ ಇನ್ನೂ ಟ್ರ್ಯಾಕ್ಟರಿನಲ್ಲೇ ಹೋಗಬೇಕು, ಅದೂ ನೋಂದಾಯಿತ ಗೋದಾಮಿಗೇ.

ಹೋದ ಕೂಡಲೇ ತೇವಾಂಶದ ಮಿಷನ್ನು. ಶೇ 14 ದಾಟಿರಬಾರದು. ದಾಟಿದರೆ ಚೀಲ ಒಳಗೇ ಕಾದು ಬೂಸ್ಟು ಹಿಡಿಯುತ್ತದೆ. ನಿಯಮ ಸರಿ. ಆದರೆ ಒಣಗಿಸುವುದೆಲ್ಲಿ? ಹೆದ್ದಾರಿಯ ಅಂಚಿನಲ್ಲಿ. ಶೇ 18ರ ನೂರು ಕ್ವಿಂಟಲ್ 14ಕ್ಕೆ ಇಳಿಯುವಷ್ಟರಲ್ಲಿ ನಾಲ್ಕೂವರೆ ಕ್ವಿಂಟಲಿಗೂ ಮಿಕ್ಕಿ ತೂಕ ಹೋಗಿರುತ್ತದೆ. ಹರಡಿದ ಕಾಳಿನ ಮೇಲೆ ಗಾಡಿ ಹಾಯ್ದರೆ ಒಡಕು ಕಾಳು, ಒಡಕು ಕಾಳಿಗೆ ಮತ್ತೆ ದರ ಕಟ್. ನಡುವೆ ಮಳೆ ಬಂದರೆ ತಾಡಪತ್ರಿ ಎಳೆಯುವುದು, ಎಳೆದ ತಾಡಪತ್ರಿಯಡಿ ಬೆವತ ಕಾಳನ್ನು ಮರುದಿನ ಮತ್ತೆ ಹರಡುವುದು. ಆಮೇಲೆ ಚೀಲ, ಹಮಾಲಿ, ಗಾಡಿ ಬಾಡಿಗೆ, ಎಲ್ಲಾ ರೋಖ. ರೊಕ್ಕವಿಲ್ಲವೆಂದೇ ಹೊರಟವನಿಗೆ!

ಇನ್ನು ಬ್ಯಾಂಕು. ಪೇಟೆ ದರ 1,700 ಅಂತಿಟ್ಟುಕೊಳ್ಳಿ. ದರ ಬಿದ್ದರೆ ಸಾಲಕ್ಕೆ ಭದ್ರತೆ ಇರಲೆಂದು ಮಾರ್ಜಿನ್ ಹೆಸರಲ್ಲಿ ಶೇ 30 ಮುರಿದರೆ ಕೈಗೆ ಬರುವುದು 1,190. ದರ ಇನ್ನೂ ಇಳಿದರೆ ಕೊರತೆ ತುಂಬು ಅಂತ ನೋಟಿಸು. ಏರುತ್ತದೆ ಅಂತ ಕಾಯಲು ಹೇಳಿದವರಾರೂ ಆ ನೋಟಿಸಿಗೆ ಸಹಿ ಹಾಕುವುದಿಲ್ಲ.

ಬ್ಯಾಂಕಿನ ಮಾತು ಬಂದಮೇಲೆ ಹಳೇ ಸಾಲ ಕಟ್ಟಿ ಹೊಸದು ಪಡೆಯುವ ರಿನ್ಯೂವಲ್ ಎಂಬ ಪವಾಡಕ್ಕೆ ಕೈಮುಗಿಯದಿದ್ದರೆ ಪಾಪ ಬರುತ್ತದೆ. ಮೂರು ಲಕ್ಷದ ಬೆಳೆಸಾಲಕ್ಕೆ ಶೇ 7 ಬಡ್ಡಿ. ವಾಯಿದೆಗೆ ಕಟ್ಟಿದರೆ ಶೇ 3 ಬಿಟ್ಟು ಶೇ 4. ಕಟ್ಟಲು ದುಡ್ಡೆಲ್ಲಿ? ಬೆಳಿಗ್ಗೆ ಲೇವಾದೇವಿಯವನಿಂದ ಕೈಗಡ, ಹನ್ನೊಂದಕ್ಕೆ ಕೌಂಟರಿಗೆ ಜಮಾ, ಹೊಸ ಸಾಲ ಮಂಜೂರಾದ ಸಂಜೆ ಅದೇ ದುಡ್ಡು ಲೇವಾದೇವಿಯವನ ಕಿಸೆಗೆ. ಎರಡು ದಿನಕ್ಕೆ ನೂರಕ್ಕೆ ಒಂದರಂತೆ ಹಿಡಿದರೂ ಮೂರು ಸಾವಿರ. ವರ್ಷಕ್ಕೆ ಉಳಿದ ಒಂಬತ್ತು ಸಾವಿರ ರಿಯಾಯಿತಿಯ ಮೂರನೇ ಒಂದು ಪಾಲು ಅಲ್ಲಿಗೆ ಸ್ವಾಹಾ. ಬ್ಯಾಂಕಿನ ವಸೂಲಾತಿ ನೂರಕ್ಕೆ ನೂರು, ಮ್ಯಾನೇಜರರಿಗೆ ಶಾಬಾಸ್‌ಗಿರಿ. ರೈತನ ಮನೆಗೆ ಹೊಸದಾಗಿ ಒಂದು ರೂಪಾಯಿಯೂ ಬಂದಿಲ್ಲ.

ಇದನ್ನೆಲ್ಲ ನೋಡಿ ದಲಾಲಿ ನಗುತ್ತಾನೆ. ಅವನು ಹೊಲದ ಉತಾರ (ಪಹಣಿ) ಕೇಳುವುದಿಲ್ಲ, ಎಫ್‌ಐಡಿ ಅನ್ನುವ ರೈತರ ಗುರುತಿನ ಸಂಖ್ಯೆ ಕೇಳುವುದಿಲ್ಲ. ಜೂನಿನಲ್ಲೇ ಬೀಜ-ಗೊಬ್ಬರಕ್ಕೆ ರೊಕ್ಕ ಎಣಿಸಿ, ‘ಮಾಲು ನಮ್ಮ ಅಂಗಡಿಗೇ ತರಬೇಕ್ ನೋಡಪಾ’ ಅಂದಿರುತ್ತಾನೆ. ರೈತನಿಂದ ಕಮಿಷನ್ ಹಿಡಿಯುವಂತಿಲ್ಲ ಅನ್ನುವ ಕಾನೂನು ಎಪಿಎಂಸಿಯಲ್ಲಿದೆ. ಹಿಡಿದದ್ದು ಲೆಕ್ಕಕ್ಕೆ ಸಿಗದ ಬಿಳಿ ಚೀಟಿಯಲ್ಲಿದೆ.

ಅಂದರೆ ನವೆಂಬರಿನಲ್ಲಿ ನೀವು ಅಡವಿಡಲು ಹೇಳುವ ಮಾಲು ಬಿತ್ತುವ ಮೊದಲೇ ಅಡವು ಬಿದ್ದಾಗಿದೆ. ಇಷ್ಟು ತಿಳಿಯದೆಯೇ ಯೋಜನೆ ಬರೆದಿರೇನು? ತಿಳಿದಿದೆ. ಒಣಗಿಸಲು ಊರಿಗೊಂದು ಸಿಮೆಂಟ್ ಕಣ ಕೊಡಲಾರಿರಿ, ಖರೀದಿ ಕೇಂದ್ರಕ್ಕೆ ಜನ ರಸ್ತೆಗಿಳಿಯಬೇಕು, ಮೇಲೆ ತಾಳ್ಮೆಯ ಪಾಠ. ಎರೆಹೊಲದಲ್ಲಿ ಹಸಿ ಆರುವುದರೊಳಗೆ ಕಡಲೆ ಬಿತ್ತಬೇಕು. ಅದರ ಬೀಜದ ರೊಕ್ಕಕ್ಕೆ ರೈತ ಇವತ್ತು ಯಾರ ಅಂಗಡಿಗೆ ಹೋಗಬೇಕು, ಅದನ್ನು ಹೇಳ್ರಿ.